ಅರಸನ ಅಚ್ಚು, ಚಿನಿವಾರನ ತಕ್ಕಡಿ

1257ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಅರಸ ಮೂರನೆಯ ಹೆನ್ರಿ ಲಂಡನ್ನಿನ ಮೇಯರನನ್ನೂ ಪೇಟೆಯ ಪ್ರಮುಖರನ್ನೂ ಕರೆಸಿಕೊಂಡು ಒಂದು ಪ್ರಶ್ನೆ ಕೇಳಿದ. ಆ ವರ್ಷದ ಆಗಸ್ಟ್‌ನಲ್ಲಿ ತಾನು ಅಚ್ಚು ಹಾಕಿಸಿ ಬಿಟ್ಟ ಚಿನ್ನದ ಪೆನ್ನಿಯಿಂದ ನಾಡಿಗೆ ಉಪಯೋಗವಿದೆಯೋ ಇಲ್ಲವೋ? ಅರಸ ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋಗುವ ಕಾಲ ಅದು. ಲಂಡನ್ನಿನವರು ತಲೆಯಾಡಿಸಲಿಲ್ಲ. ಉಪಯೋಗವಿಲ್ಲ ಎಂದರು. ಸೊತ್ತೆಲ್ಲ ಸೇರಿಸಿದರೂ ಒಂದು ಚಿನ್ನದ ನಾಣ್ಯದಷ್ಟು ಬೆಲೆಬಾಳದ ಬಡವ ಇದನ್ನಿಟ್ಟುಕೊಂಡು ಏನು ಮಾಡಬೇಕು ಎಂದರು. ಇಷ್ಟು ಚಿನ್ನ ಕೈಯಿಂದ ಕೈಗೆ ಓಡಾಡತೊಡಗಿದರೆ ಚಿನ್ನದ ದರವೇ ಇಳಿದುಹೋಗುತ್ತದೆ ಎಂದೂ ಸೇರಿಸಿದರು.

ಮೊದಲ ಮಾತಿನಲ್ಲಿ ಬಡವರ ಬಗೆಗಿನ ಕರುಣೆ, ಎರಡನೆಯದರಲ್ಲಿ ತಮ್ಮ ಪೆಟ್ಟಿಗೆಯ ಚಿಂತೆ. ಎರಡನೆಯದೇ ನಿಜವಾದ ಕಾರಣ ಎಂದು ಊಹಿಸಿದರೆ ಲಂಡನ್ನಿನ ವರ್ತಕರಿಗೆ ಅನ್ಯಾಯವೇನೂ ಆಗದು. ಹೆನ್ರಿ ನಾಣ್ಯವನ್ನು ಹಿಂತೆಗೆಯಲಿಲ್ಲ. ಆದರೆ ದನಿ ತಗ್ಗಿಸಿದ. ಯಾರೂ ಇದನ್ನು ಬಲವಂತಕ್ಕೆ ತೆಗೆದುಕೊಳ್ಳಬೇಕಾಗಿಲ್ಲ, ಬೇಡವಾದವರು ಅರಮನೆಯ ವಿನಿಮಯ ಕಟ್ಟೆಗೆ ತಂದುಕೊಟ್ಟರೆ ಹತ್ತೊಂಬತ್ತೂವರೆ ಬೆಳ್ಳಿ ಪೆನ್ನಿ ಸಿಗುತ್ತದೆ ಎಂದ. ನಾಣ್ಯದ ಬೆಲೆ 20 ಪೆನ್ನಿ. ಅರ್ಧ ಪೆನ್ನಿ ವಟ್ಟ. ತನ್ನ ಮುದ್ರೆಯಿರುವ ನಾಣ್ಯವನ್ನು ತಾನೇ ವಟ್ಟ ಹಿಡಿದು ಮರಳಿ ಕೊಳ್ಳುವ ಅರಸ ಆ ನಾಣ್ಯವನ್ನು ಆಗಲೇ ಅರ್ಧ ಕೈಬಿಟ್ಟಂತೆ.

ಮಧ್ಯಯುಗದ ಇಂಗ್ಲೆಂಡಿನ ಚಿನ್ನದ ನಾಣ್ಯಗಳ ಕಥೆಯನ್ನು ಅರಸರ ಕಥೆಯಾಗಿ ಹೇಳುವುದು ರೂಢಿ. ನಾಣ್ಯದ ಮೇಲೆ ಅವರ ಚಿತ್ರವಿದೆ, ಅವರ ಬಿರುದಿದೆ, ಹೀಗಾಗಿ ಅದು ಸಹಜವೂ ಹೌದು. ಈ ಉಪನ್ಯಾಸದ ವಾದ ಮಾತ್ರ ಬೇರೆ. ಆ ಕಾಲದ ಟಂಕಸಾಲೆಯ ಬಳಿ ಅಷ್ಟಾಗಿ ತನ್ನದೇ ಚಿನ್ನವಿರಲಿಲ್ಲ. ವರ್ತಕನೋ ಅಕ್ಕಸಾಲಿಗನೋ ಚಿನ್ನ ತಂದುಕೊಡಬೇಕು, ಅದನ್ನು ಕರಗಿಸಿ ಅಚ್ಚು ಹಾಕಿ, ಕೂಲಿಯನ್ನೂ ಅರಸನ ಪಾಲನ್ನೂ ಮುರಿದುಕೊಂಡು, ಉಳಿದದ್ದನ್ನು ನಾಣ್ಯದ ರೂಪದಲ್ಲಿ ಮರಳಿಸಬೇಕು. ಪಕ್ಕದ ದೇಶದ ಟಂಕಸಾಲೆ ಹೆಚ್ಚು ಕೊಡುತ್ತದೆ ಎಂದರೆ ಚಿನ್ನ ಅಲ್ಲಿಗೆ ನಡೆಯುತ್ತದೆ. ಅರಸ ಏನು ಬೇಕಾದರೂ ಕೊರೆಸಬಹುದಿತ್ತು. ಚಲಾವಣೆ ನಿರ್ಧಾರವಾಗುತ್ತಿದ್ದದ್ದು ಚಿನಿವಾರನ ತಕ್ಕಡಿಯಲ್ಲಿ.

ಇಂಗ್ಲೆಂಡಿಗೆ ಚಿನ್ನದ ನಾಣ್ಯ ಆಗ ಹೊಸದೇ ಅನ್ನಬೇಕು. ಏಳನೆಯ ಶತಮಾನದಲ್ಲಿ ಪುಟ್ಟ ಚಿನ್ನದ ನಾಣ್ಯಗಳಿದ್ದವು. ಎಂಟನೆಯ ಶತಮಾನದಲ್ಲಿ ಮರ್ಸಿಯಾದ ಅರಸ ಆಫಾನ ಹೆಸರಿನಲ್ಲಿ ಒಂದು ವಿಚಿತ್ರ ನಾಣ್ಯ ಹುಟ್ಟಿತು. ಬಾಗ್ದಾದಿನ ಖಲೀಫ ಅಲ್ ಮನ್ಸೂರ್‌ನ ದಿನಾರಿನ ನಕಲು ಅದು. ಹಿಜರಿ 157 ಎಂಬ ವರ್ಷವೂ ಅರಬ್ಬಿ ಅಕ್ಷರಗಳಲ್ಲೇ ಇದೆ. ನಡುವೆ ಲ್ಯಾಟಿನ್ನಿನಲ್ಲಿ ಆಫಾ ರಾಜ ಎಂಬ ಎರಡು ಪದ ಸೇರಿಸಿದ್ದಾರೆ, ಅದೂ ಅರಬ್ಬಿ ಬರಹಕ್ಕೆ ತಲೆಕೆಳಗಾಗಿ. ಅಚ್ಚು ಕೊರೆದವನಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥ ಅಪರೂಪಗಳನ್ನು ಬಿಟ್ಟರೆ ಮುಂದಿನ ಐದು ಶತಮಾನ ಬೆಳ್ಳಿಯ ಪೆನ್ನಿಯದೇ ಆಳ್ವಿಕೆ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್, 160 ಪೆನ್ನಿಗೆ ಒಂದು ಮಾರ್ಕ್. ಇವುಗಳಲ್ಲಿ ಕೈಯಲ್ಲಿ ಹಿಡಿಯಬಹುದಾಗಿದ್ದದ್ದು ಪೆನ್ನಿ ಮಾತ್ರ. ಶಿಲಿಂಗ್, ಮಾರ್ಕ್, ಪೌಂಡ್ ಎಲ್ಲ ಬರೀ ಲೆಕ್ಕದ ಪುಸ್ತಕದ ಹೆಸರುಗಳು.

ಹೆನ್ರಿಯ ಚಿನ್ನದ ಪೆನ್ನಿಯ ತೂಕ ಎರಡು ಬೆಳ್ಳಿ ಪೆನ್ನಿಯಷ್ಟು, ಸುಮಾರು 2.9 ಗ್ರಾಂ. ಅಪರಂಜಿ ಚಿನ್ನ. ಮಾಡಿಸಿದವನು ಅರಸನ ಅಕ್ಕಸಾಲಿಗ, ಗ್ಲೌಸ್ಟರಿನ ವಿಲಿಯಂ. ಮುಂಬದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ಅರಸ, ಹಿಂಬದಿಯಲ್ಲಿ ಉದ್ದನೆಯ ಶಿಲುಬೆ, ಅದರ ಮೂಲೆಗಳಲ್ಲಿ ಗುಲಾಬಿ. ಚೆಲುವಾದ ನಾಣ್ಯ, ನಿಜ. ಆದರೆ ಪೇಟೆಯಲ್ಲಿ ಚಿನ್ನದ ದರ ಏರಿತು, 1265ರ ಹೊತ್ತಿಗೆ ಅದೇ ನಾಣ್ಯಕ್ಕೆ 24 ಪೆನ್ನಿ ಎಂದು ಲೆಕ್ಕ ಕಟ್ಟಬೇಕಾಯಿತು. 20ಕ್ಕೆ ಸಿಕ್ಕಿದ ಚಿನ್ನ 24 ಬಾಳುತ್ತದೆ ಎಂದಾದರೆ ಅದರ ದಾರಿ ಕುಲುಮೆಯ ಕಡೆಗೇ. ಇವತ್ತು ಗೊತ್ತಿರುವುದು ಎಂಟೇ ನಾಣ್ಯ. ಎಂಟನೆಯದು 2021ರಲ್ಲಿ ಡೆವನ್ ಪ್ರಾಂತದ ಹೆಮಿಯಕ್ ಎಂಬ ಊರಿನ ಹೊಲದಲ್ಲಿ ಲೋಹಶೋಧಕ ಹಿಡಿದು ಅಲೆಯುತ್ತಿದ್ದ ಹವ್ಯಾಸಿಯೊಬ್ಬರಿಗೆ ಸಿಕ್ಕಿತು. ಮರುವರ್ಷದ ಹರಾಜಿನಲ್ಲಿ ಅದರ ಬೆಲೆ ಕಮಿಷನ್ ಸೇರಿ 6,48,000 ಪೌಂಡ್. ಬಡವನಿಗೆ ಇದರಿಂದೇನು ಪ್ರಯೋಜನ ಎಂದು ಕೇಳಿದ್ದ ಮೇಯರನಿಗೆ ಉತ್ತರ 765 ವರ್ಷ ತಡವಾಗಿ ಬಂತು.

ಕೈಸುಟ್ಟುಕೊಂಡ ಇಂಗ್ಲೆಂಡ್ 87 ವರ್ಷ ಚಿನ್ನದ ಸಹವಾಸಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಯುರೋಪು ಬದಲಾಗಿತ್ತು. ಫ್ಲಾರೆನ್ಸ್ 1252ರಲ್ಲೇ ಫ್ಲಾರಿನ್ ಹೊರತಂದಿತ್ತು, ವೆನಿಸ್ 1284ರಲ್ಲಿ ಡುಕಾಟ್. ಹಂಗೆರಿಯ ಗಣಿಗಳಿಂದ ಚಿನ್ನ ಬರುತ್ತಿತ್ತು, ಸಹಾರಾ ದಾಟಿ ಪಶ್ಚಿಮ ಆಫ್ರಿಕದ ಚಿನ್ನವೂ ಬರುತ್ತಿತ್ತು. ಇಂಗ್ಲೆಂಡಿನ ಉಣ್ಣೆ ಕೊಳ್ಳುತ್ತಿದ್ದವರ ಕೈಯಲ್ಲಿ ಫ್ಲಾರಿನ್‌ಗಳಿದ್ದವು. ಫ್ರಾನ್ಸಿನ ಮೇಲೆ ಯುದ್ಧಕ್ಕಿಳಿದಿದ್ದ ಮೂರನೆಯ ಎಡ್ವರ್ಡ್ 1340ರಲ್ಲಿ ಅಲ್ಲಿನ ಸಿಂಹಾಸನವೂ ತನ್ನದೇ ಎಂದು ಘೋಷಿಸಿದ್ದ. ಕೂಲಿ ಸೈನ್ಯಕ್ಕೆ, ಮಿತ್ರರಾಜರಿಗೆ ಕೊಡಲು ಹಣವಿಲ್ಲದೆ ಫ್ಲಾರೆನ್ಸಿನ ಬಾರ್ದಿ, ಪೆರುಜ್ಜಿ ಮನೆತನಗಳಿಂದ ಸಾಲ ಎತ್ತಿದ್ದ. ಸಾಲ ತೀರಲಿಲ್ಲ, ಪೆರುಜ್ಜಿ 1343ರಲ್ಲಿ, ಬಾರ್ದಿ 1346ರಲ್ಲಿ ದಿವಾಳಿಯಾದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಇಂಗ್ಲಿಷಿನಲ್ಲಿ ಇದ್ದಿದ್ದರೆ ಲಂಡನ್ನಿನವರು ಆಗ ಆಡಿಕೊಳ್ಳುತ್ತಿದ್ದರೇನೋ.

1344ರ ಜನವರಿಯಲ್ಲಿ ಎಡ್ವರ್ಡ್ ಮೂರು ಚಿನ್ನದ ನಾಣ್ಯಗಳನ್ನು ಒಟ್ಟಿಗೆ ಬಿಟ್ಟ. ದೊಡ್ಡದು 6 ಶಿಲಿಂಗಿನ ಡಬಲ್ ಲೆಪರ್ಡ್. ಅರಸ ಸಿಂಹಾಸನದ ಮೇಲೆ, ಎರಡೂ ಪಕ್ಕ ಚಿರತೆ. ಅದರ ಅರ್ಧ ಲೆಪರ್ಡ್, ಕಾಲುಭಾಗ ಹೆಲ್ಮ್. ಚಿರತೆ ಎಂಬುದು ಹೆಸರಿಗಷ್ಟೇ. ಇಂಗ್ಲೆಂಡಿನ ರಾಜಲಾಂಛನದ ಸಿಂಹವನ್ನೇ ಆಗ ಹಾಗೆ ಕರೆಯುತ್ತಿದ್ದರು. ಸೊಬಗಿನಲ್ಲಿ ಇವಕ್ಕೆ ಸಾಟಿಯಿಲ್ಲ. ತಕ್ಕಡಿಗೆ ಸೊಬಗು ತಿಳಿಯುವುದಿಲ್ಲವಲ್ಲ. ಡಬಲ್ ಲೆಪರ್ಡಿನ ತೂಕ 7 ಗ್ರಾಂ. ಅಂದರೆ ಶಿಲಿಂಗಿಗೆ 1.17 ಗ್ರಾಂ ಚಿನ್ನ. ಅವತ್ತಿನ ಬೆಳ್ಳಿಯ ದರಕ್ಕೆ ಇದು ಕಡಿಮೆ. ಅರಸ ಕಡಿಮೆ ಚಿನ್ನ ಕೊಟ್ಟು ಹೆಚ್ಚು ಬೆಳ್ಳಿ ಕೇಳುತ್ತಿದ್ದಾನೆ ಎಂದು ವರ್ತಕರಿಗೆ ಗೊತ್ತಾಗಲು ವಾರವೂ ಬೇಕಿರಲಿಲ್ಲ. ಯಾರೂ ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ, ಪರಸ್ಪರ ಒಪ್ಪಿದವರ ನಡುವೆ ಮಾತ್ರ ಇದು ನಡೆಯಬಹುದು ಎಂಬ ಆಜ್ಞೆ ಹೊರಟಿತು. ಏಳು ತಿಂಗಳ ಆಯುಷ್ಯ. ಡಬಲ್ ಲೆಪರ್ಡ್‌ಗಳಲ್ಲಿ ಎರಡು 1857ರಲ್ಲಿ ಟೈನ್ ನದಿಯಲ್ಲಿ ಸಿಕ್ಕವು. ಮೂರನೆಯದು 2006ರಲ್ಲಿ 4,60,000 ಪೌಂಡಿಗೆ ಹರಾಜಾಗಿ ಅಂದಿನ ಮಟ್ಟಿಗೆ ಬ್ರಿಟಿಷ್ ನಾಣ್ಯಗಳಲ್ಲೇ ದಾಖಲೆ ಬರೆಯಿತು. ವಿಫಲವಾದ ನಾಣ್ಯವೇ ಸಂಗ್ರಾಹಕನಿಗೆ ಪ್ರಿಯ.

ಸೋಲನ್ನು ಒಪ್ಪಿಕೊಂಡದ್ದು ಎಡ್ವರ್ಡನ ದೊಡ್ಡತನವೋ ಅನಿವಾರ್ಯವೋ, ಅದೇ ವರ್ಷ ನೋಬಲ್ ಬಂತು. ಇದರ ಹಿಂದಿನ ಲೆಕ್ಕದ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ನೋಬಲಿನ ಬೆಲೆ 6 ಶಿಲಿಂಗ್ 8 ಪೆನ್ನಿ. ಮೊದಲ ನೋಟಕ್ಕೆ ಎಡವಟ್ಟಾದ ಸಂಖ್ಯೆ. ಪೆನ್ನಿಗೆ ಇಳಿಸಿದರೆ 80. ಎರಡು ನೋಬಲಿಗೆ ಒಂದು ಮಾರ್ಕ್, ಮೂರು ನೋಬಲಿಗೆ ಒಂದು ಪೌಂಡ್. ಲೆಕ್ಕವನ್ನು ಮಾರ್ಕಿನಲ್ಲಿ ಬರೆಯುವ ಮಠಕ್ಕೂ ಪೌಂಡಿನಲ್ಲಿ ಬರೆಯುವ ವರ್ತಕನಿಗೂ ಒಂದೇ ನಾಣ್ಯ ಒಗ್ಗಿತು. ಪುಸ್ತಕದಲ್ಲಷ್ಟೇ ಇದ್ದ ಎರಡು ಹೆಸರುಗಳಿಗೆ ಮೊದಲ ಬಾರಿ ಮೈ ಬಂತು. ಅರ್ಧ ನೋಬಲ್ 40 ಪೆನ್ನಿ, ಕಾಲು ನೋಬಲ್ 20. ತೂಕ 8.97 ಗ್ರಾಂ, ಶಿಲಿಂಗಿಗೆ 1.35 ಗ್ರಾಂ; ಚಿರತೆಗಿಂತ ಧಾರಾಳ. ಈಗ ವರ್ತಕರು ಕೈಚಾಚಿದರು.

ಧಾರಾಳ ಹೆಚ್ಚಾಯಿತೆಂದು ತಿಳಿದು 1346ರಲ್ಲಿ ತೂಕವನ್ನು 8.33 ಗ್ರಾಮಿಗೂ 1351ರಲ್ಲಿ 7.78 ಗ್ರಾಮಿಗೂ ಇಳಿಸಿದರು. ಈ ಕೊನೆಯ ಅಂಕಿಯಲ್ಲಿ ಒಂದು ತಮಾಷೆಯಿದೆ. ಭಾಗಿಸಿ ನೋಡಿದರೆ ಶಿಲಿಂಗಿಗೆ ಸಿಗುವುದು ಅದೇ 1.17 ಗ್ರಾಂ. ಏಳು ವರ್ಷದ ಹಿಂದೆ ಎಲ್ಲರೂ ದೂರ ತಳ್ಳಿದ್ದ ಅದೇ ದರ ಈಗ ನಿರಾತಂಕವಾಗಿ ನಡೆಯಿತು. ಕಾರಣ, ಈ ನಡುವೆ ಬೆಳ್ಳಿಯ ಪೆನ್ನಿಯನ್ನೂ ಹಗುರ ಮಾಡಿದ್ದರು. ತಕ್ಕಡಿಯ ಒಂದು ತಟ್ಟೆ ಇಳಿದಾಗ ಇನ್ನೊಂದೂ ಜೊತೆಗೆ ಇಳಿದರೆ ಜಗಳವಿಲ್ಲ. ಅದೇ 1351ರ ಕೂಲಿಕಾರರ ಕಾನೂನು ಕಲ್ಲುಕುಟಿಗರ ಮೇಸ್ತ್ರಿಗೆ ದಿನಕ್ಕೆ 4 ಪೆನ್ನಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಿತು. ಅವನ 20 ದಿನದ ದುಡಿಮೆಗೆ ಒಂದು ನೋಬಲ್. ಸಂತೆಯಲ್ಲಿ ತರಕಾರಿಗೆ ಕೊಡುವ ನಾಣ್ಯವಲ್ಲ ಇದು. ಉಣ್ಣೆಯ ಮೂಟೆಗೆ, ಕುದುರೆಗೆ, ಕಂದಾಯಕ್ಕೆ, ಸೆರೆಸಿಕ್ಕ ಸರದಾರನ ಬಿಡುಗಡೆಗೆ ಕೊಡುವ ನಾಣ್ಯ.

ನೋಬಲಿನ ಚಿತ್ರವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಸುಮಾರು 34 ಮಿಲಿಮೀಟರ್ ಅಗಲದ ತೆಳ್ಳನೆಯ ತಗಡು. ಅಲೆಗಳ ಮೇಲೆ ಹಡಗು, ಅದರೊಳಗೆ ಸೊಂಟದಿಂದ ಮೇಲೆ ಕಾಣುವ ಅರಸ, ಒಂದು ಕೈಯಲ್ಲಿ ಎತ್ತಿದ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಗುರಾಣಿಯ ಮೇಲೆ ಇಂಗ್ಲೆಂಡಿನ ಸಿಂಹಗಳ ಜೊತೆ ಫ್ರಾನ್ಸಿನ ಲಿಲ್ಲಿ ಹೂಗಳೂ ಇವೆ. 1340ರ ಜೂನ್ 24ರಂದು ಸ್ಲೂಯ್ಸ್ ಬಂದರಿನಲ್ಲಿ ಎಡ್ವರ್ಡ್ ಫ್ರೆಂಚ್ ನೌಕಾಪಡೆಯನ್ನು ನುಚ್ಚುನೂರು ಮಾಡಿದ್ದ; ಹಡಗು ಅದರ ನೆನಪು ಎಂದು ಬಹಳ ಮಂದಿ ಹೇಳುತ್ತಾರೆ. ಇಡೀ ನಾಡನ್ನೇ ಹಡಗಾಗಿ ಕಂಡ ರೂಪಕ ಎಂಬುವವರೂ ಇದ್ದಾರೆ. 1430ರ ದಶಕದಲ್ಲಿ ಬರೆದ ಒಂದು ಇಂಗ್ಲಿಷ್ ಪದ್ಯ ಅರಸ, ಹಡಗು, ಕತ್ತಿ, ಕಡಲಿನ ಒಡೆತನ ಎಂದು ನಾಲ್ಕು ಅರ್ಥ ಬಿಡಿಸಿತು.

ಬಿರುದಿನ ಸಾಲನ್ನು ಓದುವುದು ಇನ್ನೂ ಸ್ವಾರಸ್ಯಕರ. ಮೊದಲ ನೋಬಲ್‌ಗಳಲ್ಲಿ ಎಡ್ವರ್ಡ್ ಇಂಗ್ಲೆಂಡಿಗೂ ಫ್ರಾನ್ಸಿಗೂ ಅರಸ. 1360ರ ಬ್ರೆಟಿನ್ಯಿ ಒಪ್ಪಂದದಲ್ಲಿ ಫ್ರಾನ್ಸಿನ ಪಟ್ಟ ಬಿಟ್ಟುಕೊಡಲು ಒಪ್ಪಿದ. ನಾಣ್ಯದಿಂದ ಫ್ರಾನ್ಸ್ ಮಾಯವಾಗಿ ಅಕ್ವಿಟೇನ್ ಬಂತು. 1369ರಲ್ಲಿ ಮತ್ತೆ ಯುದ್ಧ, ಮತ್ತೆ ಫ್ರಾನ್ಸ್ ಪ್ರತ್ಯಕ್ಷ. ವರ್ಷ ಬರೆಯದ ಈ ನಾಣ್ಯಗಳ ಕಾಲ ಹಚ್ಚಲು ವಿದ್ವಾಂಸರಿಗೆ ಅರಸನ ಈ ಚಂಚಲತೆಯೇ ದೊಡ್ಡ ಉಪಕಾರ. ಫ್ರಾನ್ಸಿನಲ್ಲಿ ಇಂಗ್ಲೆಂಡಿಗೆ ಉಳಿದಿದ್ದ ಕೊನೆಯ ತುಣುಕು ಕ್ಯಾಲೆ 1558ರಲ್ಲಿ ಕೈಬಿಟ್ಟಿತು. ಬಿರುದು ಕೈಬಿಟ್ಟದ್ದು 1801ರಲ್ಲಿ! ಅಚ್ಚಿನಲ್ಲಿ ಕೊರೆದ ಸುಳ್ಳಿಗೆ ತೂಕವಿಲ್ಲ, ಹಾಗಾಗಿ ಯಾರೂ ತಕರಾರು ಎತ್ತಲಿಲ್ಲ.

ಆ ಕ್ಯಾಲೆಯಲ್ಲೇ 1363ರಲ್ಲಿ ಉಣ್ಣೆಯ ಅಧಿಕೃತ ಮಾರುಕಟ್ಟೆ ನಿಂತಿತು, ಜೊತೆಗೇ ಟಂಕಸಾಲೆಯೂ. ಪರದೇಶದ ಗಿರಾಕಿ ತಂದ ಚಿನ್ನ ಅಲ್ಲೇ ನೋಬಲ್ ಆಗಬೇಕೆಂಬ ಏರ್ಪಾಡು. ಕ್ಯಾಲೆಯ ನೋಬಲನ್ನು ಗುರುತಿಸಲು ಹಿಂಬದಿಯ ನಡುವಿನ ಅಕ್ಷರ ನೋಡಬೇಕು, ಇಲ್ಲವೇ ಹಡಗಿನ ಹಿಂತುದಿಯಲ್ಲಿ ಬಾವುಟ ಇದೆಯೇ ಎಂದು ಹುಡುಕಬೇಕು.

ಹಿಂಬದಿಯ ಅಂಚಿನ ಲ್ಯಾಟಿನ್ ಬರಹ ಬೈಬಲಿನ ಲೂಕನ ಸುವಾರ್ತೆಯದು. ಯೇಸುವನ್ನು ಬೆಟ್ಟದ ಅಂಚಿನಿಂದ ತಳ್ಳಲು ಬಂದ ಗುಂಪಿನ ನಡುವೆಯೇ ಅವನು ಹಾದುಹೋದ ಪ್ರಸಂಗ. ಕಳ್ಳಕಾಕರ ಭಯಕ್ಕೆ ಇದು ರಕ್ಷಾಮಂತ್ರ ಎಂಬ ನಂಬಿಕೆ ಆಗ ಇತ್ತು. ಹಣದ ಮೇಲೆ ಬರೆಯಲು ಇದಕ್ಕಿಂತ ತಕ್ಕ ಮಂತ್ರ ಇನ್ನೊಂದಿಲ್ಲ. ಆದರೆ ಜನ ಇಷ್ಟಕ್ಕೆ ಸುಮ್ಮನಾಗಲಿಲ್ಲ. ಈ ನೋಬಲ್‌ಗಳ ಚಿನ್ನ ಗಣಿಯದಲ್ಲ, ರಸವಾದಿ ರಾಮೊನ್ ಲುಲ್ ಲಂಡನ್ ಟವರಿನ ಒಳಗೆ ಕೂತು ಮಾಡಿದ್ದು, ಯೇಸು ಗುಂಪಿನ ನಡುವೆ ಗುಟ್ಟಾಗಿ ನಡೆದಂತೆ ಚಿನ್ನವೂ ಗುಟ್ಟಿನ ವಿದ್ಯೆಯಿಂದ ಹುಟ್ಟಿತು ಎಂಬ ಕಥೆ ಹಬ್ಬಿತು. ಕಥೆ ಚೆನ್ನಾಗಿದೆ. ನೋಬಲ್ ಹುಟ್ಟುವ ಹೊತ್ತಿಗೆ ಲುಲ್ ಸತ್ತು ಕಾಲು ಶತಮಾನ ಕಳೆದಿತ್ತು ಎಂಬುದೊಂದೇ ತೊಡಕು.

ಟವರಿನಲ್ಲಿ ನಡೆಯುತ್ತಿದ್ದ ನಿಜವಾದ ಕೆಲಸದಲ್ಲಿ ಮಾಯೆಯೇನೂ ಇರಲಿಲ್ಲ, ಬೆವರಿತ್ತು. ಚಿನ್ನವನ್ನು ಶುದ್ಧಿ ಮಾಡಿ 24ರಲ್ಲಿ ಸುಮಾರು 23.9 ಕ್ಯಾರೆಟ್ಟಿನ ಮಟ್ಟಕ್ಕೆ ತರುತ್ತಿದ್ದರು. ಒರೆಗಲ್ಲಿಗೆ ಹಚ್ಚಿದರೆ ಅಪರಂಜಿಯೇ. ಎರಕದ ಗಟ್ಟಿಯನ್ನು ಬಡಿದು ತಗಡು ಮಾಡಿ, ಕತ್ತರಿಯಲ್ಲಿ ಬಿಲ್ಲೆ ಕತ್ತರಿಸಿ, ತೂಗಿ, ಕಾಯಿಸಿ ಮೆದು ಮಾಡಬೇಕು. ಕೆಳಗಿನ ಅಚ್ಚಿಗೆ ಪೈಲ್ ಎಂದು ಹೆಸರು. ಅದರ ಚೂಪು ಬುಡವನ್ನು ಮರದ ದಿಮ್ಮಿಯಲ್ಲಿ ನೆಟ್ಟಿರುತ್ತಾರೆ. ಬಿಲ್ಲೆಯನ್ನು ಅದರ ಮೇಲಿಟ್ಟು, ಟ್ರಸಲ್ ಎಂಬ ಮೇಲಚ್ಚನ್ನು ಅದರ ನೆತ್ತಿಗೆ ಹಿಡಿದು, ಸುತ್ತಿಗೆ ಎತ್ತಿ ಹೊಡೆಯಬೇಕು. ಏಟು ನೇರ ಬೀಳುವುದು ಮೇಲಚ್ಚಿಗೆ, ಆದ್ದರಿಂದ ಅದು ಬೇಗ ಸವೆಯುತ್ತಿತ್ತು. ಕೈ ಸ್ವಲ್ಪ ಅಲುಗಿದರೆ ಚಿತ್ರ ಜೋಡಿಯಾಗಿ ಮೂಡುತ್ತದೆ, ಅಚ್ಚು ಓರೆಯಾದರೆ ಅಂಚಿನ ಅಕ್ಷರ ಹಾರಿಹೋಗುತ್ತದೆ. ಒಂದರಂತೆ ಇನ್ನೊಂದಿಲ್ಲ.

ಅಕ್ಷರಗಳನ್ನು ಅಚ್ಚಿನ ಮೇಲೆ ಪುಟ್ಟ ಉಳಿಗಳಿಂದ ಒತ್ತುತ್ತಿದ್ದರು. ಒಂದು ಉಳಿಯ ಮೂಲೆ ಮುರಿದರೆ ಮುಂದೆ ಒತ್ತಿದ ಎಲ್ಲ ಅಚ್ಚುಗಳಲ್ಲೂ ಆ ಅಕ್ಷರದ ಮೂಲೆ ಮುರಿದೇ ಕಾಣುತ್ತದೆ. ಯಾವ ನಾಣ್ಯ ಯಾವುದರ ನಂತರ ಎಂದು ಇದರಿಂದ ಕಂಡುಹಿಡಿಯಬಹುದು. ಪದಗಳ ನಡುವೆ ಉಂಗುರ, ಎಲೆ, ಪೈನ್ ಕಾಯಿಯಂಥ ಗುಟ್ಟಿನ ಗುರುತುಗಳೂ ಇರುತ್ತಿದ್ದವು. ಟಂಕಸಾಲೆಯ ಯಾವ ಅವಧಿಯ ಕೆಲಸ ಎಂದು ಪತ್ತೆ ಹಚ್ಚಿ ಅಧಿಕಾರಿಯನ್ನು ಹೊಣೆ ಮಾಡಲು ಇವು ನೆರವಾಗುತ್ತಿದ್ದವು. ಟಂಕಿಸಿದ ನಾಣ್ಯಗಳಿಂದ ಮಾದರಿ ತೆಗೆದು ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಪಂಚಾಯ್ತಿದಾರರ ಮುಂದೆ ತೂಗಿ ಕರಗಿಸಿ ನೋಡುವ ಪರೀಕ್ಷೆಯನ್ನು ಪಿಕ್ಸ್ ವಿಚಾರಣೆ ಎನ್ನುತ್ತಾರೆ. ಅದು ಈಗಲೂ ವರ್ಷಕ್ಕೊಮ್ಮೆ ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನದಲ್ಲಿ ನಡೆಯುತ್ತದೆ.

ಅಂಚು ಕತ್ತರಿಸಿ ಚೂರು ಚಿನ್ನ ಕದಿಯುವವರು ಎಲ್ಲ ಕಾಲದಲ್ಲೂ ಇದ್ದರು. ಐದನೆಯ ಹೆನ್ರಿಯ ಕಾಲದಲ್ಲಿ ಅದನ್ನು ರಾಜದ್ರೋಹವೆಂದು ಸಾರಿದರು. 1421ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಿನ್ನದ ನಾಣ್ಯವನ್ನು ತೂಗಿಯೇ ಕೊಟ್ಟು ತೆಗೆದುಕೊಳ್ಳಬೇಕೆಂಬ ಶಾಸನವಾಯಿತು. ಅರಸನ ಮುಖ ನೋಡಿ ನಂಬಬೇಡಿ, ತೂಕ ನೋಡಿ ಎಂದು ಅರಸನೇ ಹೇಳಿದಂತಾಯಿತು.

ಮುಂದಿನದು ಇಳಿಜಾರು. 1412ರಲ್ಲಿ ನೋಬಲ್ 7 ಗ್ರಾಮಿಗೆ ಇಳಿದಿತ್ತು. ಆರನೆಯ ಹೆನ್ರಿಯ ಕೊನೆಗಾಲಕ್ಕೆ ಹೊರಗಿನ ದರ ಇನ್ನೂ ಏರಿ, ಟವರಿಗೆ ಚಿನ್ನ ತರುವವರೇ ಅಪರೂಪವಾದರು. 1464ರಲ್ಲಿ ನಾಲ್ಕನೆಯ ಎಡ್ವರ್ಡ್ ತೂಕ ಮುಟ್ಟದೆ ಬೆಲೆಯನ್ನು ಮಾತ್ರ 8 ಶಿಲಿಂಗ್ 4 ಪೆನ್ನಿಗೆ ಏರಿಸಿದ. ಅದೇ ವರ್ಷದ ಆಸುಪಾಸಿನಲ್ಲಿ, ಇಂಗ್ಲೆಂಡಿನ ಪಟ್ಟಕ್ಕಾಗಿ ನಡೆದ ಗುಲಾಬಿ ಯುದ್ಧಗಳೆಂಬ ಅಂತಃಕಲಹದ ನಡುವೆ, ಯಾರೋ ನಾಟಿಂಗ್‌ಹ್ಯಾಮ್ ಪ್ರಾಂತದ ಕಾಡಿನಲ್ಲಿ ನಿಧಿ ಹೂತಿಟ್ಟು ಮರಳಿ ಬರಲಿಲ್ಲ. 1966ರಲ್ಲಿ ಫಿಶ್‌ಪೂಲ್ ಎಂಬಲ್ಲಿ ಕೆಲಸಗಾರರಿಗೆ ಅದು ಸಿಕ್ಕಿತು: 1,237 ಚಿನ್ನದ ನಾಣ್ಯ, ಉಂಗುರ, ಸರ, ಪದಕ. ಇಂಗ್ಲೆಂಡಿನ ನೋಬಲ್‌ಗಳ ಜೊತೆ ಬರ್ಗಂಡಿಯ ನಾಣ್ಯಗಳೂ ಅದರಲ್ಲಿದ್ದವು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

1465ರಲ್ಲಿ ಹಡಗಿನ ಮೈಮೇಲೆ ಗುಲಾಬಿ ಅರಳಿದ ಹತ್ತು ಶಿಲಿಂಗಿನ ರಯಲ್ ಬಂತು. ಹಳೆಯ 6 ಶಿಲಿಂಗ್ 8 ಪೆನ್ನಿಯ ಜಾಗಕ್ಕೆ ಏಂಜಲ್ ಬಂತು. ತೂಕ 5.18 ಗ್ರಾಂ; ಶಿಲಿಂಗಿಗೆ 0.78 ಗ್ರಾಂ. 120 ವರ್ಷದಲ್ಲಿ 1.35ರಿಂದ ಇಲ್ಲಿಗೆ! ಬೆಲೆ ಬಿಡಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ; ವಕೀಲರ ಫೀಸು 6 ಶಿಲಿಂಗ್ 8 ಪೆನ್ನಿ ಎಂಬ ಲೆಕ್ಕ ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು. ಷೇಕ್ಸ್‌ಪಿಯರ್ ಎರಡನೆಯ ರಿಚರ್ಡ್ ನಾಟಕದಲ್ಲಿ ಸೆರೆಮನೆಯ ಅರಸನಿಂದ ಈ ನಾಣ್ಯಗಳ ಮೇಲೆ ಶ್ಲೇಷೆ ಆಡಿಸುತ್ತಾನೆ: ಕುದುರೆಲಾಯದ ಆಳು ಅವನನ್ನು ರಾಯಲ್ ಎಂದರೆ, ಅವನು ಆಳನ್ನು ನೋಬಲ್ ಎಂದು ಕರೆದು, ಹತ್ತು ಗ್ರೋಟಿನ ವ್ಯತ್ಯಾಸದ ಮಾತು ತೆಗೆಯುತ್ತಾನೆ. ಗ್ರೋಟ್ ಎಂದರೆ 4 ಪೆನ್ನಿ. 120ರಲ್ಲಿ 80 ಕಳೆದರೆ ಸರಿಯಾಗಿ ಹತ್ತು ಗ್ರೋಟ್. ಲೆಕ್ಕ ಪಕ್ಕಾ, ಇತಿಹಾಸ ತಪ್ಪು. ನಿಜವಾದ ರಿಚರ್ಡ್ ಪಟ್ಟ ಕಳೆದುಕೊಂಡದ್ದು 1399ರಲ್ಲಿ, ರಯಲ್ ಹುಟ್ಟುವುದಕ್ಕೆ 66 ವರ್ಷ ಮೊದಲು.

ಏಂಜಲಿನ ಮೇಲೆ ಅರಸನ ಮುಖವೇ ಇಲ್ಲ. ಇರುವುದು ಘಟಸರ್ಪವನ್ನು ಈಟಿಯಿಂದ ತಿವಿಯುತ್ತಿರುವ ದೇವದೂತ ಮೈಕೆಲ್. ಕೊರಳಿನ ಗಂಡಮಾಲೆಯ ರೋಗ ಅರಸ ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆಯಿತ್ತು; ಮುಟ್ಟಿಸಿಕೊಂಡವರ ಕೊರಳಿಗೆ ಏಂಜಲಿಗೆ ತೂತು ಕೊರೆದು ದಾರ ಪೋಣಿಸಿ ಹಾಕುತ್ತಿದ್ದರು. ತೂತು ಬಿದ್ದ ನಾಣ್ಯಕ್ಕೆ ಹರಾಜಿನಲ್ಲಿ ಬೆಲೆ ಕಡಿಮೆ. ಆದರೆ ಯಾರದೋ ಎದೆಯ ಮೇಲೆ ವರ್ಷಗಟ್ಟಲೆ ತೂಗಿದ ಆ ತೂತಿನ ಏಂಜಲೇ ಮುಟ್ಟದ ಹೊಸ ನಾಣ್ಯಕ್ಕಿಂತ ಹೆಚ್ಚು ಮಾತಾಡುತ್ತದೆ. ನಾಣ್ಯದ ಜಾಗಕ್ಕೆ ಪದಕ ಬಂದ ಮೇಲೂ ಪದ್ಧತಿ ನಿಲ್ಲಲಿಲ್ಲ. 1712ರಲ್ಲಿ ರಾಣಿ ಆನ್ ಮುಟ್ಟಿದ ಮಕ್ಕಳಲ್ಲಿ ಮುಂದೆ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ನನೂ ಒಬ್ಬ. ಅವನಿಗೆ ರೋಗ ವಾಸಿಯಾಗಲಿಲ್ಲ, ಪದಕವನ್ನು ಮಾತ್ರ ಬದುಕಿಡೀ ಧರಿಸಿದ.

1489ರಲ್ಲಿ ಏಳನೆಯ ಹೆನ್ರಿ 20 ಶಿಲಿಂಗಿನ ಒಂದು ದೊಡ್ಡ ನಾಣ್ಯ ಮಾಡಿಸಿದ. ಶತಮಾನಗಳ ಕಾಲ ಪುಸ್ತಕದಲ್ಲಷ್ಟೇ ಇದ್ದ ಪೌಂಡ್ ಮೊದಲ ಸಲ ಒಂದೇ ಬಿಲ್ಲೆಯಾಗಿ ಅಂಗೈಗೆ ಬಂತು. ಸಿಂಹಾಸನದ ಮೇಲೆ ಪೂರ್ಣ ಪೋಷಾಕಿನ ಅರಸ, ಹಿಂಬದಿಯಲ್ಲಿ ಟ್ಯೂಡರ್ ಗುಲಾಬಿ. ತೂಕ 15.55 ಗ್ರಾಂ, ಶಿಲಿಂಗಿಗೆ ಅದೇ 0.78. ಎಷ್ಟೇ ದೊಡ್ಡದು ಮಾಡಿಸಿದರೂ ದರ ಮೀರುವ ಸಾಹಸಕ್ಕೆ ಅವನು ಹೋಗಲಿಲ್ಲ. ಆ ನಾಣ್ಯಕ್ಕೆ ಸಾವರಿನ್ ಎಂದು ಹೆಸರಿಟ್ಟರು. 1817ರಲ್ಲಿ ಯಂತ್ರದಲ್ಲಿ ಒತ್ತಿದ ಹೊಸ ಪೌಂಡ್ ನಾಣ್ಯಕ್ಕೂ ಅದೇ ಹೆಸರು ಬಂತು, ತೂಕ ಮಾತ್ರ 7.99 ಗ್ರಾಂ. ಮೈಸೂರು ಸೀಮೆಯ ಮನೆಗಳಲ್ಲಿ ಮದುವೆಯ ಮಾತುಕತೆಯಲ್ಲಿ ಹಿರಿಯರು ಇಂದಿಗೂ ಲೆಕ್ಕ ಹಾಕುವ ಎಂಟು ಗ್ರಾಮಿನ ಒಂದು ಸವರನ್ ಎಂದರೆ ಅದೇ.